ತರಬೇತಿಗೆ ಹೋಗದವರು

ಕಬಕದ ಆ ಮನೆಯಂಗಳದಲ್ಲಿ ಚಪ್ಪಲಿ ಕಳಚುತ್ತಿದ್ದ ಗೋದಾವರಿ ಟೀಚರಿಗೆ ವಿಶ್ವವಿದ್ಯಾಲಯದ ಜೀಪು ಕಂಡದ್ದೇ ತಡ, ಹೊಟ್ಟೆಯ ಕಿಚ್ಚು ಭುಗ್ಗೆಂದಿತು. ಸತ್ತವರ ಮೇಲೆಂಥ ಹೊಟ್ಟೆಕಿಚ್ಚು ಎನ್ನಬೇಡಿ, ಅದಕ್ಕೆ ಸೂತಕವಿಲ್ಲ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಝುಲೈಖಾ ಟೀಚರ್ ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡಿದ್ದರು. ತಾನು ಸತ್ತರೆ ಶಿಕ್ಷಣ ಇಲಾಖೆಯ ಜವಾನನೂ ಬರಲಿಕ್ಕಿಲ್ಲ. ಇವರಿಗೆ ನೋಡಿದರೆ ಪ್ರೊಫೆಸರೇ ಬಂದಿದ್ದಾರೆ!

"ಬನ್ನಿ ಟೀಚರ್, ಉಮ್ಮನನ್ನು ಮಸೀದಿಗೆ ಕೊಂಡೋಗ್ಲಿಕ್ಕೆ ಇನ್ನು ಸ್ವಲ್ಪ ಹೊತ್ತು ಉಂಟು," ಎಂದಳು ಮಗಳು ರಮ್ಲತ್.

*

ಪ್ರತಿ ಬೇಸಿಗೆಯಲ್ಲಿ ವಿಶ್ವವಿದ್ಯಾಲಯ ನಡೆಸುವ ಶಿಕ್ಷಕರ ತರಬೇತಿಗೆ ಶಾಲೆಗೊಂದೇ ಸೀಟು. ಪ್ರತಿ ಸಲವೂ ಅದು ಝುಲೈಖಾರಿಗೇ. ಹತ್ತು ದಿನ ಹೋಗಿ ಬಂದರೆ ಹೊಸ ಪಾಠ, ಹೊಸ ಆಟ. ಜೂನಿನಲ್ಲಿ ಮಕ್ಕಳೆಲ್ಲ ಅವರ ಬೆನ್ನಿಗೆ. ಗೋದಾವರಿಯ ಪಾಲಿಗೆ ಜನಗಣತಿ, ಬಿಸಿಯೂಟ.

ಈ ಮಾರ್ಚಿನಲ್ಲಿ ಹೆಡ್‌ಮಾಸ್ಟರು ರಜೆಯಲ್ಲಿದ್ದರು. ಪ್ರಭಾರ ಗೋದಾವರಿಯದು. ಝುಲೈಖಾ ಹೆಸರಿಗೆ ವಿಶ್ವವಿದ್ಯಾಲಯದ ಲಕೋಟೆ ಬಂತು. ಗೋದಾವರಿ ಅದನ್ನು ಒಡೆಯಲಿಲ್ಲ, ಕೊಡಲೂ ಇಲ್ಲ. ಮನೆಗೆ ಒಯ್ದು ಬಚ್ಚಲೊಲೆಗೆ ಹಾಕಿದರು.

"ಕಾಗದ ಎಂತದೂ ಬರ್ಲಿಲ್ವಾ ಟೀಚರ್?" ಝುಲೈಖಾ ವಾರವಿಡೀ ಕೇಳಿದರು.

"ಬಂದ್ರೆ ನಾನು ಇಟ್ಟುಕೊಳ್ತೇನಾ ಮಾರಾಯ್ತಿ?"

ಈ ಬೇಸಿಗೆಯಲ್ಲಿ ಝುಲೈಖಾ ಎಲ್ಲಿಗೂ ಹೋಗಲಿಲ್ಲ. ಗೋದಾವರಿಗೆ ಊಟ ರುಚಿಸಿತು, ನಿದ್ದೆ ಚೆನ್ನಾಗಿ ಬಂತು.

*

ಜಗಲಿಯಲ್ಲಿದ್ದ ಪ್ರೊಫೆಸರ್ ಮುರಳಿಕೃಷ್ಣ ಎದ್ದು ಕೈಮುಗಿದರು. "ಗೋದಾವರಿ ಟೀಚರ್ ನೀವೇ ಅಲ್ವಾ? ನೀರುದೋಸೆ ಮಡಚಿ ಭಿನ್ನರಾಶಿ ಹೇಳಿಕೊಡುವವರು?"

"ನಿಮಗೆ ಹೇಗೆ ಗೊತ್ತು?"

"ಝುಲೈಖಾ ಟೀಚರ್ ಪ್ರತಿ ವರ್ಷ ಹೇಳ್ತಿದ್ರು. ಈ ಸಲ ಹಠವೇ ಹಿಡಿದ್ರು. 'ನನ್ನನ್ನು ಕರೆದದ್ದು ಸಾಕು, ಅವರು ಬಂದು ಪಾಠ ಮಾಡ್ಲಿ, ನಾನು ಕೆಳಗೆ ಕೂತು ಕೇಳ್ತೇನೆ' ಅಂತ. ಒಪ್ಪಿ ಇಬ್ಬರಿಗೂ ಸೇರಿಸಿ ಅವರ ಹೆಸರಿಗೆ ಕಾಗದ ಹಾಕಿದೆವು. ಅದು ಕೈಗೆ ಸಿಗುವವರೆಗೆ ನಿಮಗೆ ಹೇಳುದು ಬೇಡ, ಸುಮ್ಮನೆ ಆಸೆ ಹುಟ್ಟಿಸಿದ ಹಾಗೆ ಆಗ್ತದೆ ಅಂದಿದ್ರು. ಆದ್ರೆ ಉತ್ತರ ಬರ್ಲಿಲ್ಲ. ನಿಮಗೆ ಮನಸ್ಸಿಲ್ಲ ಅಂತ ಗ್ರಹಿಸಿದೆವು."

ಗೋದಾವರಿ ಸೆರಗು ಎಳೆದುಕೊಂಡು ಬಾಗಿಲ ಕಡೆಗೆ ತಿರುಗಿದರು.

"ಟೀಚರ್ ಮೊದಲು ನೋಡ್ಲಿ," ಒಳಗಿನಿಂದ ರಮ್ಲತ್ ಹೇಳಿದಳು. "ಉಮ್ಮನಿಗೆ ಅವರೆಂದ್ರೆ ಜೀವ."

ಕೊನೆಯ ಸಲ ಮುಖ ನೋಡಲು ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ರಮ್ಲತ್ ಮುಖದ ಮೇಲಿನ ಬಿಳಿಬಟ್ಟೆ ಸರಿಸಿ ಹಿಡಿದು ಕಾದಳು. ಗೋದಾವರಿ ಟೀಚರ್ ಹೊಸ್ತಿಲ ಹೊರಗೇ ನಿಂತಿದ್ದರು.