ನೂರನೆಯ ಗಂಟು

ನಾನು ಒಂದು ಬೂಟು. ಜೋಡಿಯಲ್ಲ, ಒಂಟಿ, ಎಡಗಾಲಿನದು. ಬೂಟಿಗೂ ಒಂದು ಕಥೆಯೇ ಎಂದು ಮೂಗು ಮುರಿಯಬೇಡಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಕೈಯನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಕಾಲು ಕೆಸರಾದವರ ಮಾತನ್ನು ಯಾರೂ ಎತ್ತುವುದಿಲ್ಲ. ಆದ್ದರಿಂದ ನನ್ನ ಕಥೆಯನ್ನು ನಾನೇ ಹೇಳಿಕೊಳ್ಳಬೇಕಾಗಿದೆ.

ನಾನು ಹುಟ್ಟಿದ್ದು ಹಂಗೇರಿಯಲ್ಲಿ, ಟಿಸಾ ನದಿಯ ದಂಡೆಯ ಶಾರ್‌ಕೂಟ್ ಎಂಬ ಸಣ್ಣ ಊರಿನಲ್ಲಿ, ಎರಡನೆಯ ಮಹಾಯುದ್ಧಕ್ಕೆ ಹನ್ನೆರಡು ವರ್ಷ ಮೊದಲು. ನನ್ನನ್ನು ಹೊಲಿದವನು ಆಂಬ್ರುಶ್. ಊರಿಗೆಲ್ಲ ಅವನು ಆಂಬ್ರುಶ್ ಮಾಮ. ಸಕ್ಕರೆ ಕಾರ್ಖಾನೆಯಲ್ಲಿ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಹೊರುತ್ತಿದ್ದ ಹದಿನೆಂಟರ ಕೆಲೆಮೆನ್‌ಗೆ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಜಾಗ ಸಿಕ್ಕಿತ್ತು. ಮಾಮ ಅವನ ಪಾದವನ್ನು ಹಳೆಯ ಪತ್ರಿಕೆಯ ಮೇಲಿಡಿಸಿ, ಸುತ್ತ ಪೆನ್ಸಿಲಿನ ಗೆರೆ ಎಳೆದ. ಎತ್ತಿನ ಚರ್ಮ ಕತ್ತರಿಸಿ, ಅಡಿಯ ಅಟ್ಟೆಗೆ ನೆಲದಲ್ಲಿ ಜಾರದಂತೆ ಚರ್ಮದ ಗುಬ್ಬಿಗಳನ್ನು ಬಡಿದು, ಐದು ದಿನದಲ್ಲಿ ನನ್ನನ್ನೂ ನನ್ನ ಬಲದ ಜೊತೆಗಾರನನ್ನೂ ಮಾಡಿ ಮುಗಿಸಿದ. ಮೊದಲ ವಾರ ನಾನು ಕೆಲೆಮೆನನ ಹಿಮ್ಮಡಿಯನ್ನು ಚೆನ್ನಾಗಿ ಕಚ್ಚಿದೆ. ಹೊಸದರಲ್ಲಿ ಎಲ್ಲರೂ ಹಾಗೆಯೇ. ಸಲಿಗೆ ಆಮೇಲೆ ಬರುತ್ತದೆ.

ಅವನದು ಎಡಗಾಲಿನ ಆಟ. ಬಲಗಾಲು ನಿಲ್ಲುವುದಕ್ಕೆ ಮಾತ್ರ. ತಲೆಯಿಂದ ಚೆಂಡು ಹೊಡೆಯುವುದೆಂದರೆ ಅವನಿಗೆ ಭಯ, ಏಕೆಂದರೆ ಆ ಕಾಲದ ಚೆಂಡಿಗೆ ಚರ್ಮದ ಲೇಸು ಇರುತ್ತಿತ್ತು, ಹಣೆಗೆ ಬಡಿದರೆ ಬರೆ ಏಳುತ್ತಿತ್ತು. ಹಾಗಾಗಿ ಅವನು ಹೊಡೆದ ಗೋಲೆಲ್ಲ ನನ್ನಿಂದಲೇ. ಜಂಬ ಎಂದುಕೊಂಡರೂ ಚಿಂತೆಯಿಲ್ಲ, ಇದು ನಿಜ.

ಆಂಬ್ರುಶ್ ಮಾಮನಿಗೆ ಒಂದು ಪದ್ಧತಿ ಇತ್ತು. ಭಾನುವಾರ ಪಂದ್ಯ, ಸೋಮವಾರ ಬೆಳಿಗ್ಗೆ ಕೆಲೆಮೆನ್ ನನ್ನನ್ನು ಅಂಗಡಿಗೆ ತರಬೇಕು. ಮಾಮ ಕೆಸರು ಕೆರೆದು, ಬಾತುಕೋಳಿಯ ಕೊಬ್ಬು ಸವರಿ, ನನ್ನ ನಾಲಿಗೆಯನ್ನು, ಅಂದರೆ ಲೇಸಿನ ಕೆಳಗಿರುವ ಚರ್ಮದ ಪಟ್ಟಿಯನ್ನು, ಹೊರಗೆಳೆಯುತ್ತಿದ್ದ. ಒಂದೊಂದು ಗೋಲಿಗೆ ಅಲ್ಲಿ ಒಂದು ಕೆಂಪು ದಾರದ ಗಂಟು. ಗಂಟುಗಳದು ಮೂರು ಸಾಲು: ಬೂಟಿನ ತುದಿ ತಗುಲಿದ ಗೋಲಿಗೆ ಒಂದು, ಮೇಲ್ಭಾಗದ್ದಕ್ಕೆ ಒಂದು, ಪಕ್ಕದ್ದಕ್ಕೆ ಒಂದು.

"ಎಲ್ಲಿ ತಗುಲ್ತು?" ಎಂದು ಮಾಮ ಕೇಳುತ್ತಿದ್ದ. ಉತ್ತರ ಬರದೆ ಸೂಜಿ ಎತ್ತುತ್ತಿರಲಿಲ್ಲ. "ಚರ್ಮ ಎಲ್ಲಿ ಸವೀತಿದೆ ಅಂತ ನಂಗೆ ಗೊತ್ತಾಗ್ಬೇಕಲ್ಲಪ್ಪ. ನಿನ್ನ ಗೋಲು ಕಟ್ಕೊಂಡು ನಂಗೇನು?" ಹೀಗೆ ಹೇಳುವಾಗ ಅವನ ಮೀಸೆಯ ಕೆಳಗೆ ನಗು ಇರುತ್ತಿತ್ತು.

ಅದೇ ತಂಡದಲ್ಲಿ ಗಾಶ್ಪಾರ್ ಎಂಬವನಿದ್ದ, ಕೆಲೆಮೆನನ ಜೀವದ ಗೆಳೆಯ. ರೈಲ್ವೆ ಗೇಟು ಹಾಕುವ ಕೆಲಸ ಅವನದು. ಮೈದಾನದಲ್ಲೂ ಅದೇ ಕೆಲಸ. ಎದುರಾಳಿ ಯಾರು ಬಂದರೂ ಅಡ್ಡ ನಿಲ್ಲುತ್ತಿದ್ದ. ಚೆಂಡು ಕಿತ್ತು ಕೆಲೆಮೆನನಿಗೆ ಕೊಡುತ್ತಿದ್ದವನೂ ಅವನೇ. ಆದರೆ ತಾನಾಗಿ ಒಂದು ಗೋಲನ್ನೂ ಹೊಡೆದವನಲ್ಲ. 'ಗಾಶ್ಪಾರ್ ಗೋಲು ಹೊಡೆದ ದಿನ ಟಿಸಾ ಹಿಂದಕ್ಕೆ ಹರಿಯುತ್ತೆ' ಎಂಬುದು ಊರಿನ ಗಾದೆಯೇ ಆಗಿಹೋಗಿತ್ತು. ಅವನೂ ಎಲ್ಲರ ಜೊತೆ ನಗುತ್ತಿದ್ದ. ನಕ್ಕ ಮೇಲೆ ಬಗ್ಗಿ ತನ್ನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಆಗ ಅವನ ಮುಖ ನೆಲದ ಹತ್ತಿರ ಬರುತ್ತಿತ್ತಲ್ಲ, ನನಗೆ ಕಾಣುತ್ತಿತ್ತು. ಆ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಮೂರೂವರೆ ವರ್ಷಕ್ಕೆ ನನ್ನ ನಾಲಿಗೆಯಲ್ಲಿ ತೊಂಬತ್ತೊಂಬತ್ತು ಗಂಟುಗಳಾದವು. ಆಗ ಬಂತು ನವೆಂಬರ್ ಇಪ್ಪತ್ತಮೂರರ ಭಾನುವಾರ. ಹಂಗೇರಿಯವರಿಗೆ ಹುಟ್ಟಿದ ದಿನಕ್ಕಿಂತ ಹೆಸರಿನ ಹಬ್ಬ ದೊಡ್ಡದು. ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಹೆಸರಿರುತ್ತದೆ. ಆ ಹೆಸರಿನವರಿಗೆಲ್ಲ ಅಂದು ಹಬ್ಬ. ಅವತ್ತು ಕೆಲೆಮೆನ್‌ಗಳ ದಿನ. ಜೊತೆಗೆ ಬುಡಾಪೆಸ್ಟಿನ ದೊಡ್ಡ ಕ್ಲಬ್ಬಿನಿಂದ ಹ್ಯಾಟು ಹಾಕಿದ ಇಬ್ಬರು ಬಂದು ಬೇಲಿಯ ಪಕ್ಕ ನಿಂತಿದ್ದರು. ಇಪ್ಪತ್ತೆರಡು ತುಂಬುವ ಮೊದಲೇ ನೂರು ಗೋಲು ಹೊಡೆಯುವ ಹುಡುಗನಾದರೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿಯೇ ಬಂದಿದ್ದರು. ಅವನ ಇಪ್ಪತ್ತೆರಡಕ್ಕೆ ಇನ್ನು ಮೂರೇ ದಿನ ಉಳಿದಿತ್ತು.

ಮಳೆ ಬಂದು ಮೈದಾನವೆಲ್ಲ ಹುಗ್ಗಿಯಾಗಿತ್ತು. ಕೊನೆಯ ನಿಮಿಷಗಳಲ್ಲಿ ಮೂಲೆಯಿಂದ ಚೆಂಡು ಬಂತು. ಗೋಲಿನ ಮುಂದೆ ಏಳೆಂಟು ಜನ ಒಬ್ಬರ ಮೇಲೊಬ್ಬರು. ಕೆಲೆಮೆನ್ ನನ್ನನ್ನು ಬೀಸಿದ. ನಾನು ಕೆಸರನ್ನು ಹೊಡೆದೆ, ಚೆಂಡನ್ನಲ್ಲ. ಚೆಂಡು ನನ್ನಿಂದ ನಾಲ್ಕು ಬೆರಳು ಆಚೆ ಹೋಗಿ, ಜಾರಿ ಬೀಳುತ್ತಿದ್ದ ಗಾಶ್ಪಾರನ ಎಡ ಮೊಣಕಾಲಿಗೆ ಬಡಿದು, ಕಂಬದ ಒಳಮೈ ಸವರಿ ಬಲೆಗೆ ಬಿತ್ತು.

ನನಗೂ ಕೆಲೆಮೆನನಿಗೂ ಬಿಟ್ಟರೆ ಯಾರಿಗೂ ಕಾಣಲಿಲ್ಲ. ರೆಫರಿಯ ಕಣ್ಣಿಗೆ ಬಿದ್ದದ್ದು ಬೀಸಿದ ಕಾಲು ಮಾತ್ರ. ಊರಿಗೆ ಊರೇ ಕೆಲೆಮೆನನ ಮೇಲೆ ಬಿತ್ತು. ಗಾಶ್ಪಾರ್ ಮುಖ ಕೆಳಗಾಗಿ ಬಿದ್ದಿದ್ದ. ಎದ್ದಾಗ ಕಣ್ಣಿನ ತುಂಬ ಕೆಸರು. ಕುಂಟುತ್ತ ಬಂದು ಗೆಳೆಯನನ್ನು ಎಲ್ಲರಿಗಿಂತ ಬಿಗಿಯಾಗಿ ಅಪ್ಪಿಕೊಂಡ.

"ನೂರಾಯ್ತು ಕಣೋ," ಎಂದ.

ಕೆಲೆಮೆನ್ ಬಾಯಿ ತೆರೆದ. ಬೇಲಿಯ ಕಡೆ ನೋಡಿದ. ಹ್ಯಾಟಿನವರಿಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು. ಅವನು ಬಾಯಿ ಮುಚ್ಚಿಕೊಂಡ.

ಮರುದಿನ ಆಂಬ್ರುಶ್ ಮಾಮನ ಅಂಗಡಿಯಲ್ಲಿ ಅದೇ ಪ್ರಶ್ನೆ. "ಎಲ್ಲಿ ತಗುಲ್ತು?"

ಕೆಲೆಮೆನ್ ಗೋಡೆಯ ಮೇಲಿನ ಮರದ ಪಾದದಚ್ಚುಗಳ ಕಡೆ ತಿರುಗಿದ. ಆಮೇಲೆ "ತುದಿಗೆ," ಎಂದ.

ಮಾಮ ಕೆಂಪು ದಾರಕ್ಕೆ ಮೇಣ ಹಚ್ಚಿ, ತುದಿಯ ಸಾಲಿನಲ್ಲಿ ನೂರನೆಯ ಗಂಟು ಹಾಕಿದ. ತೊಂಬತ್ತೊಂಬತ್ತು ಗಂಟು ಹಾಕುವಾಗ ನನಗೆ ಕಚಗುಳಿ ಆಗಿತ್ತು. ಇದು ಚುಚ್ಚಿತು. ನಾಲಿಗೆ ಇದ್ದೂ ಮಾತಾಡಲಾರದವನು ನಾನು, ಏನು ಮಾಡಲಿ? ಬುಧವಾರ ಕೆಲೆಮೆನ್ ರೈಲು ಹತ್ತಿದ. ಗಾಶ್ಪಾರನೇ ಗೇಟು ಹಾಕಿ, ಹಸಿರು ಬಾವುಟ ತೋರಿಸಿ ಅವನನ್ನು ಕಳಿಸಿಕೊಟ್ಟ.

ಬುಡಾಪೆಸ್ಟಿನಲ್ಲಿ ಅವನಿಗೆ ಹೊಸ ಬೂಟುಗಳು ಬಂದವು. ನಾವಿಬ್ಬರು ಕಪಾಟಿನ ಮೇಲೇರಿದೆವು. ಸುಳ್ಳು ಹೇಳಬಾರದು, ಹೊಟ್ಟೆ ಉರಿಯಿತು. ಆದರೂ ಮೇಲಿನಿಂದ ಅವನ ಏಳಿಗೆಯನ್ನೆಲ್ಲ ಕಣ್ತುಂಬ ನೋಡಿದೆ. ಹದಿಮೂರು ವರ್ಷ ಆಡಿದ. ಮೂರು ಸಲ ಇಡೀ ದೇಶಕ್ಕೇ ಹೆಚ್ಚು ಗೋಲು ಹೊಡೆದವನೆನಿಸಿಕೊಂಡ. ಒಟ್ಟು ಮುನ್ನೂರ ಅರವತ್ತೊಂದು ಎಂದು ಪತ್ರಿಕೆಗಳು ಬರೆದವು. ಮನೆಗೆ ಬಂದವರು ಆ ಸಂಖ್ಯೆ ಹೇಳಿದಾಗಲೆಲ್ಲ ಅವನು ಒಮ್ಮೆ ಕಪಾಟಿನ ಕಡೆ ನೋಡುತ್ತಿದ್ದ. ಮುನ್ನೂರ ಅರವತ್ತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಇಷ್ಟು ಹೊಡೆದವನಿಗೆ ಒಂದು ಹೋದರೆ ಏನು ನಷ್ಟ ಎಂದು ನೀವು ಕೇಳಬಹುದು. ಅವನಿಗೆ ನಷ್ಟವಿಲ್ಲ, ನಿಜ. ಆದರೆ ಅತ್ತ ಇನ್ನೊಬ್ಬನ ಲೆಕ್ಕ ಸೊನ್ನೆಯಾಗಿ ಉಳಿದಿತ್ತು.

ಯುದ್ಧದ ಕೊನೆಯ ಚಳಿಗಾಲದಲ್ಲಿ ನಗರದ ಕಿಟಕಿಗಳೆಲ್ಲ ಒಡೆದವು. ಕೆಳಮನೆಯ ಟ್ರಾಮ್ ಡ್ರೈವರ್ ಎಡಗಾಲು ಕಳೆದುಕೊಂಡು ಆಸ್ಪತ್ರೆಯಿಂದ ಬಂದ. ಉಳಿದ ಬಲಗಾಲಿಗೆ ಹೊರಗೆ ಹಿಮದಲ್ಲಿ ಹಾಕಿಕೊಳ್ಳಲು ಏನೂ ಇರಲಿಲ್ಲ. ಕೆಲೆಮೆನ್ ಕಪಾಟಿನಿಂದ ನನ್ನ ಜೊತೆಗಾರನನ್ನು ಇಳಿಸಿ ಕೊಟ್ಟ. ಜೀವನವಿಡೀ ನಿಲ್ಲುವುದಕ್ಕೆ ಮಾತ್ರ ಎನಿಸಿಕೊಂಡಿದ್ದವನು ಕೊನೆಗೆ ಒಬ್ಬನನ್ನು ನಿಲ್ಲಿಸಿದ. ನಾನು ಅಂದಿನಿಂದ ಒಂಟಿ. ಅವನ ನೆನಪು ಈಗಲೂ ಬರುತ್ತದೆ.

ವರ್ಷಗಳು ಉರುಳಿದವು. ಕೆಲೆಮೆನನ ಕೂದಲು ಬೆಳ್ಳಗಾಯಿತು. ಒಂದು ದಿನ ಶಾರ್‌ಕೂಟಿನಿಂದ ಪತ್ರ ಬಂತು. ಕಾರ್ಖಾನೆಯ ತಂಡಕ್ಕೆ ಐವತ್ತು ವರ್ಷವಂತೆ. ನೂರು ಗಂಟಿನ ಬೂಟನ್ನು ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಪತ್ರ ಓದಿ ಅವನು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ಇನ್ನು ಗಾಜಿನೊಳಗೆ ಬೇರೆ ಇಡ್ತಾರಂತೆ," ಎಂದು ನನಗೇ ಹೇಳಿದ. "ಗಾಶ್ಪಾರ್ ದಿನಾ ನೋಡ್ಬೇಕು."

ಸಮಾರಂಭಕ್ಕೆ ಒಂದು ದಿನ ಮೊದಲು, ಜನವರಿ ಆರರಂದು, ಅವನು ನನ್ನನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಹೋದ. ಅದು ಗಾಶ್ಪಾರ್‌ಗಳ ಹೆಸರಿನ ಹಬ್ಬ. ರೈಲ್ವೆ ಗೇಟಿನ ಪಕ್ಕದ ಮನೆಯಲ್ಲಿ ಗಾಶ್ಪಾರನ ಹೆಂಡತಿ ಇಲ್ಕಾ ಗಸಗಸೆ ಶಾವಿಗೆ ಮಾಡಿದ್ದಳು. ಕೆಲೆಮೆನ್ ಊಟಕ್ಕೂ ಮೊದಲೇ ನನ್ನನ್ನು ಮೇಜಿನ ಮೇಲಿಟ್ಟ.

"ಊಟದ ಮೇಜಿನ ಮೇಲೆ ಬೂಟಾ? ಅದ್ರಲ್ಲೂ ಇದಾ?" ಎಂದು ಇಲ್ಕಾ ಸಿಡುಕಿದಳು. ನನ್ನ ಮೇಲೆ ಅವಳಿಗೇಕೆ ಅಷ್ಟು ಸಿಟ್ಟು ಎಂದು ನನಗೆ ಅರ್ಥವಾಗಲಿಲ್ಲ.

ಕೆಲೆಮೆನ್ ಸುತ್ತು ಬಳಸದೆ ಹೇಳಿದ. "ನೂರನೇ ಗೋಲು ನಂದಲ್ಲ ಗಾಶ್ಪಾರ್. ನನ್ನ ಕಾಲು ಚೆಂಡಿಗೆ ತಗುಲ್ಲೇ ಇಲ್ಲ. ನಿನ್ನ ಮೊಣಕಾಲಿಗೆ ಬಡಿದು ಒಳಗೆ ಹೋಯ್ತು. ನಂಗೆ ಅವತ್ತೇ ಗೊತ್ತಿತ್ತು. ನಲವತ್ತು ವರ್ಷದಿಂದ ಗೊತ್ತು."

ಗಾಶ್ಪಾರ್ ಚಮಚ ಕೆಳಗಿಟ್ಟ. ಎಡ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡ.

"ಅದು ಚೆಂಡಾ?" ಎಂದ ನಿಧಾನವಾಗಿ. "ನಿನ್ನ ಬೂಟು ಅಂದ್ಕೊಂಡಿದ್ದೆ. ನೀನು ಬೀಸಿದ ಕಾಲು ನಂಗೆ ಬಡೀತು ಅಂತ."

"ಎರಡು ವಾರ ಕುಂಟಿದ್ರು," ಎಂದಳು ಇಲ್ಕಾ. "ನಾನು ದಿನಾ ವಿನೆಗರ್ ಪಟ್ಟಿ ಕಟ್ತಿದ್ದೆ. ಅವನಿಗೆ ಹೇಳ್ಬೇಡ, ನೂರನೇ ಗೋಲಿನ ಖುಷೀಲಿದಾನೆ, ಹಬ್ಬ ಬೇರೆ, ನೊಂದ್ಕೋತಾನೆ ಅಂದ್ರು. ನಾನು ಬಾಯಿ ಮುಚ್ಕೊಂಡೆ. ಈ ಬೂಟಿಗೆ ಮಾತ್ರ ದಿನಾ ಶಾಪ ಹಾಕ್ತಿದ್ದೆ."

ನೋಡಿ, ಮಾಡದ ಗೋಲಿನ ಹೊಗಳಿಕೆ, ಕೊಡದ ಏಟಿನ ಶಾಪ, ಎರಡನ್ನೂ ನಾನು ನಲವತ್ತು ವರ್ಷ ಹೊತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನನ್ನ ಗೊಡವೆ ಯಾರಿಗಿತ್ತು? ಗಾಶ್ಪಾರನ ಮುಖ ಕೆಂಪಾಗಿತ್ತು.

"ಊರೆಲ್ಲ ಆಡ್ಕೊಂಡ್ರು ಕಣೋ," ಎಂದ. "ನನ್ನ ಮಗಳ ಮದುವೇಲೂ ಆ ಟಿಸಾ ಗಾದೆ ಹೇಳಿ ನಕ್ರು. ನೀನೂ ಇದ್ದೆ ಅಲ್ಲಿ."

"ಇದ್ದೆ."

ಗಾಶ್ಪಾರ್ ಎದ್ದು ಹೊರಗೆ ಹೋದ. ಕಿಟಕಿಯಿಂದ ಕಾಣುತ್ತಿತ್ತು: ಹಿಮದಲ್ಲಿ, ಗೇಟಿನ ಕಂಬ ಹಿಡಿದುಕೊಂಡು, ಬರದ ರೈಲಿಗೆ ಕಾಯುವವನಂತೆ ನಿಂತಿದ್ದ. ಕೆಲೆಮೆನ್ ಕುರ್ಚಿಯಲ್ಲಿ ಕುಗ್ಗಿ ಕುಳಿತಿದ್ದ. ಅವನ ಎಡ ಪಾದವನ್ನು ನನ್ನಷ್ಟು ಹತ್ತಿರದಿಂದ ಬಲ್ಲವರಿಲ್ಲ. ಎದ್ದು ಗೆಳೆಯನ ಹಿಂದೆ ಹೋಗಲೆಂದು ಅದು ಎರಡು ಸಲ ಮುಂದಕ್ಕೆ ಸರಿಯಿತು, ಎರಡು ಸಲವೂ ಕುರ್ಚಿಯ ಕೆಳಗೆ ಮರಳಿತು. ಈ ಗೆಳೆತನ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಶಾವಿಗೆ ಆರಿ ತಣ್ಣಗಾಯಿತು.

ಕೊನೆಗೆ ಗಾಶ್ಪಾರ್ ಒಳಗೆ ಬಂದ. ಟೋಪಿಯ ಹಿಮ ಕೊಡವಿ, ಕೆಲೆಮೆನನ ಎದುರಿಗೆ ಕುಳಿತ.

"ಹೆಂಗಿತ್ತು?" ಎಂದ.

"ಏನು?"

"ಗೋಲು. ನನ್ನ ಕಣ್ಣಿನ ತುಂಬ ಕೆಸರು, ನಾನು ನೋಡ್ಲಿಲ್ಲ. ಇರೋದೇ ಒಂದು. ಹೆಂಗಿತ್ತು ಹೇಳು."

ಕೆಲೆಮೆನ್ ಹೇಳಿದ. ತನ್ನ ಮುನ್ನೂರ ಅರವತ್ತು ಗೋಲುಗಳಲ್ಲಿ ಒಂದನ್ನೂ ಹೀಗೆ ವರ್ಣಿಸಿದವನಲ್ಲ. ಮೂಲೆಯಿಂದ ಚೆಂಡು ಬಂದ ಎತ್ತರ, ಗೋಲ್‌ಕೀಪರ್ ಎಡಕ್ಕೆ ವಾಲಿದ್ದು, ಮೊಣಕಾಲು ತಿರುಗಿದ್ದ ಕೋನ, ಕಂಬದ ಸದ್ದು, ಬಲೆಯಿಂದ ಉದುರಿದ ನೀರು, ಒಂದನ್ನೂ ಬಿಡಲಿಲ್ಲ. ಗಾಶ್ಪಾರ್ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ "ಇನ್ನೊಂದ್ಸಲ," ಎಂದ. ಕೆಲೆಮೆನ್ ಇನ್ನೊಂದು ಸಲ ಹೇಳಿದ. ಅಷ್ಟರಲ್ಲಿ ಇಬ್ಬರ ಕೆನ್ನೆಯೂ ಒದ್ದೆಯಾಗಿತ್ತು.

ಇಲ್ಕಾ ಕತ್ತರಿ ತಂದಳು. ಅಡುಗೆಗೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯ ಅಂಚಿನಿಂದ ನನ್ನ ಮೈ ಒರೆಸಿ, "ತಪ್ಪಾಯ್ತಪ್ಪ," ಎಂದು ನನಗೇ ಹೇಳಿದಳು. ನೂರನೆಯ ಗಂಟನ್ನು ಜೋಪಾನವಾಗಿ ಬಿಚ್ಚಿ, ಆ ದಾರವನ್ನು ಸೂಜಿಗೆ ಪೋಣಿಸಿ, ಗಂಡನ ಹಬ್ಬದ ಪ್ಯಾಂಟಿನ ಎಡ ಮೊಣಕಾಲಿನ ಒಳಬದಿಗೆ ಒಂದು ಗಂಟು ಹಾಕಿದಳು. ಆಮೇಲೆ ಶಾವಿಗೆಯನ್ನು ಮತ್ತೆ ಬಿಸಿಗಿಟ್ಟಳು.

ಈಗ ನಾನು ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಚರ್ಮ ಬಿರಿದಿದೆ, ಗುಬ್ಬಿಗಳು ಸವೆದಿವೆ. ಮುಂದಿರುವ ಚೀಟಿಯನ್ನು ಕೆಲೆಮೆನನೇ ಬರೆದ: 'ತೊಂಬತ್ತೊಂಬತ್ತು ಗೋಲು. ನೂರನೆಯದು ಗಾಶ್ಪಾರನದು, ಎಡ ಮೊಣಕಾಲಿನಿಂದ.' ಸಮಾರಂಭದಲ್ಲಿ ಅದನ್ನು ಗಟ್ಟಿಯಾಗಿ ಓದಿದವನೂ ಅವನೇ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕ, "ಹಂಗಾದ್ರೆ ಟಿಸಾ ಯಾವ ಕಡೆ ಹರೀತಿದೆ ನೋಡ್ಕೊಂಡು ಬನ್ರಪ್ಪ," ಎಂದ. ಆ ನಗುವಿಗೆ ಗಾಶ್ಪಾರ್ ಬಗ್ಗಲಿಲ್ಲ, ಲೇಸು ಕಟ್ಟಿಕೊಳ್ಳಲಿಲ್ಲ. ಎದ್ದು ನಿಂತು ಕೈ ಬೀಸಿದ.

ಪ್ರತಿ ಭಾನುವಾರ ಅವನು ಹಬ್ಬದ ಪ್ಯಾಂಟು ಹಾಕಿಕೊಂಡು ಬರುತ್ತಾನೆ. ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ಚೀಟಿ ಓದಿದವರು ಗಾಶ್ಪಾರ್ ಯಾರೆಂದು ಕೇಳುವವರೆಗೆ ಕಾಯುತ್ತಾನೆ. ಕೇಳಿದರೆ ಸಾಕು, ಗೋಲಿನ ವರ್ಣನೆ ಶುರು. ಮೊದಮೊದಲು ಅದು ಕೆಲೆಮೆನ್ ಹೇಳಿದಂತೆಯೇ ಇತ್ತು, ಎರಡು ಗಜದಿಂದ. ಆಮೇಲೆ ಐದು ಗಜವಾಯಿತು. ಕಳೆದ ಭಾನುವಾರ ಹದಿನೈದು ಗಜ ದೂರದಿಂದ, ಇಬ್ಬರನ್ನು ದಾಟಿ, ನೋಡಿಯೇ ಹೊಡೆದದ್ದಾಗಿದೆ. ಕೆಲೆಮೆನ್ ಊರಿಗೆ ಬಂದಾಗ ಪಕ್ಕದಲ್ಲೇ ಕುಳಿತು, ಹೌದು ಹೌದು ಎಂದು ತಲೆದೂಗುತ್ತಾನೆ.

ಅಲ್ಲಿದ್ದು ಕಂಡವನು ನಾನು. ಹಿಂದೊಮ್ಮೆ ಒಂದು ಸುಳ್ಳು ಕೇಳಿ ಸುಮ್ಮನಿದ್ದು ನಲವತ್ತು ವರ್ಷ ನೊಂದೆ. ಈಗಲೂ ಸುಮ್ಮನಿರುತ್ತೇನೆ. ಇದು ಒಂದಿಷ್ಟೂ ಚುಚ್ಚುವುದಿಲ್ಲ.