ನೂರ ಇಪ್ಪತ್ತೊಂಬತ್ತು ಮಂದಿ

ಶಿವಮಲ್ಲಪ್ಪನವರು ಮಗಳಿಗೆ ಹೇಳದೆ ಮಾಡುತ್ತಿದ್ದ ಕೆಲಸ ಒಂದೇ ಒಂದು. ಅದನ್ನು ಮಾಡುತ್ತಿದ್ದದ್ದೂ ಮಗಳಿಗಾಗಿಯೇ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಮೊಪೆಡ್ ಹತ್ತಿ, ಮೈಸೂರಿನ ಕುವೆಂಪುನಗರದಿಂದ ಅಶೋಕಪುರಂವರೆಗೆ ಮೂರು ಸೈಬರ್ ಸೆಂಟರುಗಳಿಗೆ ಹೋಗಿ ಬರುತ್ತಿದ್ದರು. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದರೂ ಕಂಪ್ಯೂಟರಿನ ಮುಂದೆ ಕೂತವರಲ್ಲ. ನಿವೃತ್ತಿಯಾದ ಮೇಲೆ ಈ ಚಪಲ ಏಕೆ ಅಂಟಿಕೊಂಡಿತೋ ಎಂದು ನೋಡಿದವರು ನಕ್ಕಿರಬೇಕು. ನಗಲಿ ಬಿಡಿ.

ಮಗಳು ಸುಷ್ಮಾ ಐದು ವರ್ಷ ಬೇರೆಯವರ ಕೈಕೆಳಗೆ ದುಡಿದು, ಉಳಿಸಿದ್ದನ್ನೆಲ್ಲ ಸುರಿದು, ಎರಡು ಸಾವಿರದ ಆರರಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಫಿಸಿಯೋಥೆರಪಿ ಕ್ಲಿನಿಕ್ ತೆರೆದಿದ್ದಳು. ಕುವೆಂಪುನಗರದಲ್ಲಿ ಮಂಡಿನೋವಿಗೇನೂ ಬರವಿರಲಿಲ್ಲ. ಆದರೆ ನೋವಿದ್ದವರು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು, ಇಲ್ಲವೇ ನಜರ್‌ಬಾದಿನಲ್ಲಿ ಹೊಸದಾಗಿ ಎದ್ದಿದ್ದ ಏಸಿ ಪಾಲಿಕ್ಲಿನಿಕ್ಕಿಗೆ ಹೋಗುತ್ತಿದ್ದರು. ಮೊದಲ ಹದಿನೈದು ದಿನ ಕ್ಲಿನಿಕ್ಕಿನ ಬಾಗಿಲು ತಟ್ಟಿದ್ದು ಕರೆಂಟ್ ಬಿಲ್ಲಿನವನು ಮಾತ್ರ.

ಆಗ ಸುಷ್ಮಾ ಇಂಟರ್‌ನೆಟ್ಟಿನ ಸರ್ಚ್ ಎಂಜಿನ್ ಒಂದರಲ್ಲಿ ಜಾಹೀರಾತು ಹಾಕಿದಳು. ಮೈಸೂರಿನಲ್ಲಿ ಫಿಸಿಯೋಥೆರಪಿ ಎಂದು ಯಾರೇ ಹುಡುಕಿದರೂ ಪಕ್ಕದಲ್ಲಿ ಅವಳ ಹೆಸರು ಬರುತ್ತಿತ್ತು. ಅವಳ ಹೆಸರಿನ ಮೇಲುಗಡೆ ಮತ್ತೆ ಅದೇ ನಜರ್‌ಬಾದಿನವರ ಹೆಸರು! ಶಿವಮಲ್ಲಪ್ಪನವರಿಗೆ ಹೊಟ್ಟೆ ಉರಿದುಹೋಯಿತು.

"ಜನ ನಮ್ಮ ಹೆಸರನ್ನ ಒತ್ತಿದಷ್ಟೂ ನಾವು ಮೇಲಕ್ಕೆ ಹೋಗ್ತೀವಿ ಅಪ್ಪಾಜಿ" ಎಂದು ಅವಳು ಸಮಾಧಾನ ಹೇಳಿದ್ದಳು.

ಅಷ್ಟು ಸಾಕಾಯಿತು ಅವರಿಗೆ. ಮಗಳ ಕೈಗೆ ಕೊಡಲು ದುಡ್ಡಿಲ್ಲ, ಡಾಕ್ಟರುಗಳ ಪರಿಚಯವಿಲ್ಲ, ಒತ್ತಲು ಒಂದು ಬೆರಳಂತೂ ಇದೆಯಲ್ಲ! ಮನೆಯ ಕಂಪ್ಯೂಟರಿನಲ್ಲಿ ಒತ್ತಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಒಂದೇ ಸೆಂಟರಿನಲ್ಲಿ ಕೂತು ಮೂರು ಸಲ ಒತ್ತುವುದು ಒಂದೇ ಬೂತಿನಲ್ಲಿ ಮೂರು ವೋಟು ಹಾಕಿದ ಹಾಗೆ, ಅದು ಅವರ ಮನಸ್ಸಿಗೆ ಒಗ್ಗಲಿಲ್ಲ. ಹಾಗಾಗಿ ಮೂರು ಸೆಂಟರು, ಒಂದೊಂದರಲ್ಲಿ ಒಂದೊಂದು ಸಲ, ಭಾನುವಾರವೂ ಬಿಡದೆ. ತಿಂಗಳೊಳಗೆ ಸುಷ್ಮಾಳ ಹೆಸರು ನಜರ್‌ಬಾದಿನವರನ್ನು ದಾಟಿ ಮೇಲೆ ಬಂದಾಗ ಅಶೋಕಪುರಂನ ಸೆಂಟರಿನಲ್ಲಿ ಒಬ್ಬರೇ ಕೂತು ಕಣ್ಣೊರೆಸಿಕೊಂಡರು.

ನಲವತ್ತನೆಯ ದಿನ ಭಾನುವಾರ. ಅವರು ಸುತ್ತು ಮುಗಿಸಿ ಬರುವಷ್ಟರಲ್ಲಿ ಸುಷ್ಮಾ ಕ್ಲಿನಿಕ್ಕಿನ ಗೋಡೆಯಿಂದ ತನ್ನ ಸರ್ಟಿಫಿಕೇಟನ್ನು ಇಳಿಸುತ್ತಿದ್ದಳು.

"ಯಾಕಮ್ಮ ತೆಗೀತಿದ್ದೀಯ?"

"ಸಾಕಾಯ್ತು ಅಪ್ಪಾಜಿ. ನಜರ್‌ಬಾದಿನವರು ಕೆಲಸಕ್ಕೆ ಕರೀತಿದಾರೆ. ನಾಳೆ ಫೋನ್ ಮಾಡಿ ಒಪ್ಕೊಂಡ್ಬುಡ್ತೀನಿ." ಅವಳು ಕಂಪ್ಯೂಟರಿನ ಕಡೆ ಕೈ ತೋರಿಸಿದಳು. "ಇಲ್ಲಿವರೆಗೂ ನೂರ ಇಪ್ಪತ್ತೊಂಬತ್ತು ಸಲ ಒತ್ತಿದಾರೆ. ನೂರ ಇಪ್ಪತ್ತೊಂಬತ್ತು ಜನ! ಇಂಟರ್‌ನೆಟ್ ನೋಡಿ ಬಂದೋರು ಆ ಬ್ಯಾಂಕಿನ ಮೇಡಂ, ಬೈಕಿಂದ ಬಿದ್ದಿದ್ದ ಮೇಷ್ಟ್ರು, ಇಬ್ಬರೇ. ಜನಕ್ಕೆ ಗೊತ್ತಿಲ್ದೆ ಬರ್ತಿಲ್ಲ ಅಂದ್ಕೊಂಡಿದ್ದೆ. ಗೊತ್ತಾಗಿಯೇ ಬರ್ತಿಲ್ಲ. ನನ್ನ ಫೋಟೋ, ನನ್ನ ಓದು ಎಲ್ಲಾ ನೋಡಿ, ಇವಳು ಬೇಡ ಅಂತ ಹೋಗ್ತಿದಾರೆ."

ಶಿವಮಲ್ಲಪ್ಪನವರು ಕಂಪ್ಯೂಟರಿನ ಹತ್ತಿರ ಬಂದು ಬಗ್ಗಿ ನೋಡಿದರು. "ಯಾರ್ಯಾರು ಒತ್ತಿದ್ರು ಅಂತ ತಿಳಿಯುತ್ತಾ?"

"ಆ ಕಂಪನಿಯವರಿಗೆ ಏನೇನು ಗೊತ್ತೋ! ನಮಗೆ ಊರು, ಹೊತ್ತು ಇಷ್ಟೇ ತೋರ್ಸೋದು. ಎಲ್ಲಾ ಮೈಸೂರಿನವರೇ. ಹೆಚ್ಚುಕಮ್ಮಿ ಎಲ್ಲಾ ಬೆಳಿಗ್ಗೆ ಹತ್ತರಿಂದ ಹನ್ನೊಂದು ಗಂಟೆ ಒಳಗೆ."

ಪ್ಲೈವುಡ್ಡಿನ ಆ ಗೂಡುಗಳಲ್ಲಿ, ಪಕ್ಕದವನಿಗೂ ಕಾಣದಂತೆ ತಾವು ಮೈ ಮುದುರಿ ಕೂತು ಒತ್ತಿದ್ದನ್ನು ಯಾವುದೋ ದೇಶದಲ್ಲಿ ಯಾರೋ ಗಳಿಗೆ ಸಮೇತ ಬರೆದಿಟ್ಟುಕೊಂಡಿದ್ದರು.

"ಸುಮ್ಮನೆ ಅಲ್ಲ ಅಪ್ಪಾಜಿ, ಒಂದೊಂದು ಸಲ ಒತ್ತಿದಾಗ್ಲೂ ನನ್ನಿಂದ ಏಳು ರೂಪಾಯಿ ಕಿತ್ಕೋತಾರೆ. ಹೇಳಿದ್ರೆ ನೀವು ಕೊರಗ್ತೀರಿ ಅಂತ ಹೇಳಿರ್ಲಿಲ್ಲ."

ಶಿವಮಲ್ಲಪ್ಪನವರು ರೋಗಿಗಳಿಗೆಂದು ಹಾಕಿದ್ದ ಕುರ್ಚಿಯ ಮೇಲೆ ಕುಸಿದರು. ಮಗಳನ್ನು ಎತ್ತಿ ಹಿಡಿಯುತ್ತಿದ್ದೇನೆಂದು ಬೀಗಿದ್ದೆಲ್ಲ ಅವಳ ದುಡ್ಡಿಗೇ ಕನ್ನ ಹಾಕಿದ್ದಾಗಿತ್ತು. ಈಗ ಬಾಯಿ ಬಿಡದಿದ್ದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ನಜರ್‌ಬಾದಿನವರು ಸಂಬಳವನ್ನೂ ಚೆನ್ನಾಗಿಯೇ ಕೊಡುತ್ತಾರೆ. ಮಗಳ ಮುಂದೆ ಪೆದ್ದನಾಗುವುದಾದರೂ ತಪ್ಪುತ್ತದೆ. ಹೀಗೆಲ್ಲ ಲೆಕ್ಕ ಹಾಕುತ್ತಾ ತಲೆ ಎತ್ತಿದರೆ, ಸುಷ್ಮಾ ಸರ್ಟಿಫಿಕೇಟನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು. ಅವರ ಕೈಲಿ ತಡೆಯಲಾಗಲಿಲ್ಲ.

"ಪುಟ್ಟಿ, ಒತ್ತಿದ್ದು ನಾನು ಕಣಮ್ಮ."

"ಏನನ್ನ?"

"ಅದನ್ನೇ. ನಿನ್ನ ಹೆಸರನ್ನ. ದಿನಕ್ಕೆ ಮೂರು ಸಲ, ಮೂರು ಸೈಬರ್ ಸೆಂಟರಲ್ಲಿ. ಒತ್ತಿದಷ್ಟೂ ಮೇಲಕ್ಕೆ ಹೋಗುತ್ತೆ ಅಂದಿದ್ಯಲ್ಲ. ದುಡ್ಡು ಹೋಗುತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ ಕಣಮ್ಮ."

ಸುಷ್ಮಾ ಕಣ್ಣು ಕೆಂಪಗೆ ಮಾಡಿ ನಿಂತಳು. ಬೈಯುವುದಕ್ಕೆ ಬಾಯಿ ತೆರೆದವಳು, ಏನು ಹೊಳೆಯಿತೋ, ಬೇರೆಯದನ್ನೇ ಕೇಳಿದಳು. "ದಿನಾ ಹೋಗಿದ್ರಾ?"

"ದಿನಾ. ನೀನು ಜಾಹೀರಾತು ಹಾಕಿದ ಮೊದಲ ದಿನದಿಂದ್ಲೂ."

"ನಿಮಗೆ ಜ್ವರ ಬಂದಿತ್ತಲ್ಲ, ಅವತ್ತು?"

"ಅವತ್ತೂ ಹೋಗ್ಬುಟ್ಟು ಬಂದೆ. ಮಾತ್ರೆ ತರ್ತೀನಿ ಅಂತ ಹೇಳಿದ್ನಲ್ಲ."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. "ನಲವತ್ತು ದಿನ, ದಿನಕ್ಕೆ ಮೂರು, ನೂರ ಇಪ್ಪತ್ತು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಹಾಗಾದ್ರೆ ನಿಜವಾಗ್ಲೂ ನನ್ನನ್ನ ಹುಡುಕಿ ನೋಡಿದೋರು ಒಂಬತ್ತೇ ಜನ."

ಶಿವಮಲ್ಲಪ್ಪನವರು ತಲೆ ತಗ್ಗಿಸಿಬಿಟ್ಟರು. ನೂರ ಇಪ್ಪತ್ತೊಂಬತ್ತು ಮಂದಿಯನ್ನು ಒಂದೇ ಮಾತಿಗೆ ಒಂಬತ್ತಕ್ಕೆ ಇಳಿಸಿದ ತಂದೆ ಇನ್ಯಾವ ಮುಖ ಹೊತ್ತು ಮಗಳನ್ನು ನೋಡಬೇಕು!

"ಅಪ್ಪಾಜಿ, ಒಂಬತ್ತೇ ಜನ" ಎಂದಳು ಸುಷ್ಮಾ ಮತ್ತೊಮ್ಮೆ. ಪೇಪರು ಸುತ್ತಿದ್ದ ಸರ್ಟಿಫಿಕೇಟನ್ನು ಎದೆಗೆ ಅವುಚಿಕೊಂಡಿದ್ದಳು. "ಅದರಲ್ಲಿ ಇಬ್ಬರು ನನ್ನ ಹತ್ರ ಬಂದ್ರು."