ನೀಲಿ ಪ್ಲಾಸ್ಟಿಕ್ ಕುರ್ಚಿ

ಡೈಪರಿನ ಮೂರನೆಯ ಪೊಟ್ಟಣವನ್ನು ವಾಷಿಂಗ್ ಮೆಷೀನಿನೊಳಗೆ ತುರುಕಿ, ಮೊಣಕಾಲಿನಿಂದ ಬಾಗಿಲು ಒತ್ತಿ ಮುಚ್ಚುವಷ್ಟರಲ್ಲಿ ಸೌಂದರ್ಯಾಗೆ ಕೆಳಗೆ ಆಟೋ ನಿಂತ ಸದ್ದು ಕೇಳಿಸಿತು. ಪಲ್ಲಾವರಂನಿಂದ ಸುಮಿತ್ರಮ್ಮ ಬಂದರು, ಮಾವನ ತಂಗಿ. ಇನ್ನು ಮಾವನ ಹಾಸಿಗೆಯ ಮೇಲಿನ ರಬ್ಬರ್ ಶೀಟ್ ಒಂದು ಉಳಿದಿತ್ತು. ಅದನ್ನೂ ಸುರುಳಿ ಸುತ್ತಿ ಮಂಚದ ಕೆಳಗೆ ನೂಕಿದಳು. ನೂಕುವಾಗ ಅಭ್ಯಾಸಬಲದಿಂದ ಒಮ್ಮೆ ಕೈಯಾಡಿಸಿದಳು. ಶೀಟ್ ಒಣಗಿತ್ತು. ಬೆಳಗಿನ ಜಾವ ನಿದ್ದೆಯಲ್ಲೇ ಪ್ರಾಣ ಬಿಟ್ಟ ಎಪ್ಪತ್ತೆಂಟು ವರ್ಷದ ರೋಗಿಯ ಹಾಸಿಗೆ ಇಷ್ಟು ಒಣಗಿರುವುದು ಹೇಗೆ ಎಂದು ಯೋಚಿಸಲು ಆಗ ಪುರುಸೊತ್ತಿರಲಿಲ್ಲ.

ಮನೆಯ ಮಾನ ಮುಚ್ಚಿಡುವುದರಲ್ಲಿ ಸೌಂದರ್ಯಾ ಎತ್ತಿದ ಕೈ. ಆದರೆ ಈ ಒಂದು ಗುಟ್ಟನ್ನು ನೆಂಟರಿಗೆಲ್ಲ ಫೋನಿನಲ್ಲಿ ಹಂಚಿದವಳೂ ಅವಳೇ. "ಮಾವಂಗೆ ತಡೆಯೋಕಾಗಲ್ಲ, ಎಲ್ಲಂದ್ರಲ್ಲಿ ಆಗ್ಬಿಡತ್ತೆ. ನಾನು ಹೇಗೋ ಮಾಡ್ತಿದೀನಿ" ಎಂದು ಹೇಳಿಕೊಂಡು, "ಪಾಪ, ನಿನ್ನಂಥ ಸೊಸೆ ಯಾರಿಗುಂಟು" ಎನ್ನಿಸಿಕೊಂಡು ಫೋನ್ ಇಡುತ್ತಿದ್ದಳು. ಹಾಗೆ ಎನ್ನಿಸಿಕೊಳ್ಳುವುದು ಹಿತವಾಗಿಯೇ ಇತ್ತು. ಈಗ ಅದೇ ನೆಂಟರ ಕಣ್ಣಿಗೆ ಪೊಟ್ಟಣ ಬೀಳದಿರಲಿ ಎಂದು ಒದ್ದಾಡುತ್ತಿದ್ದಳು.

ಹಾಲ್‌ನಲ್ಲಿ ಮಾವ ವೀರಪ್ಪನವರನ್ನು ಕೂರಿಸಿದ್ದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಈಗಷ್ಟೇ ಪೂಜೆಗೆ ಕೂತಂತೆ ಕೂರಿಸುತ್ತಾರೆ. ಕೆಳಗಿನ ಮನೆಯ ತಮಿಳರು ಇದನ್ನು ಕಂಡವರಲ್ಲ. ಬಾಗಿಲಲ್ಲೇ ಒಂದು ಕ್ಷಣ ತಡೆದು, ಕೈಮುಗಿದು ಒಳಗೆ ಬಂದರು.

"ಈ ನಾಯಿನ ಮೊದಲು ಬಾಲ್ಕನಿಗೆ ಹಾಕು" ಎಂದ ಗಂಡ ಸಿದ್ಧಲಿಂಗೇಶ್. "ಅಯ್ಯನೋರು ಬರೋ ಹೊತ್ತಾಯ್ತು."

ಬೇಬಿಯ ಕೊರಳಪಟ್ಟಿ ಹಿಡಿದು ಸೌಂದರ್ಯಾ ಬಾಲ್ಕನಿಗೆ ನೂಕಿ ಚಿಲಕ ಹಾಕಿದಳು.

*

ಶುರುವಾದದ್ದು ನಾಲ್ಕು ತಿಂಗಳ ಹಿಂದೆ. ಒಂದು ಬೆಳಿಗ್ಗೆ ಹಾಲ್‌ನ ದಿವಾನದ ಮೇಲೆ ತಟ್ಟೆಯಗಲದ ಒದ್ದೆ.

ಬೇಬಿ ಹನ್ನೊಂದು ವರ್ಷದ ಕಂದು ಬಣ್ಣದ ಹೆಣ್ಣುನಾಯಿ. ಹೆಂಡತಿ ತೀರಿಕೊಂಡ ವರ್ಷ ವೀರಪ್ಪನವರು ಸೆಂಟ್ರಲ್ ಸ್ಟೇಷನ್ನಿನ ಹೊರಗಿನಿಂದ ಎತ್ತಿಕೊಂಡು ಬಂದ ಮರಿ. ಆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು ಅವರು. ರಿಟೈರಾದ ಮೇಲೂ ಆ ಕಡೆ ಹೋಗಿ ಬರುವ ಚಟ ಬಿಟ್ಟಿರಲಿಲ್ಲ. ಮರಿಗೆ ಒಂದೇ ತಿಂಗಳಲ್ಲಿ ಪಾಠ ಮಾಡಿಸಿದರು: ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಕೆಳಗಿನ ಹೊಂಗೆ ಮರದ ಬುಡ. ಮಳೆಗಾಲದಲ್ಲಿ ಬೀದಿಯೆಲ್ಲ ನೀರು ನಿಂತು ಎರಡು ದಿನ ಇಳಿಯಲಾಗದಿದ್ದಾಗಲೂ ಬೇಬಿ ಬಾಗಿಲ ಬಳಿ ನಿಂತು ಕೂಗಿತ್ತೇ ಹೊರತು ಮನೆಯೊಳಗೆ ಕೂತಿರಲಿಲ್ಲ.

"ಮುದಿಯಾಯ್ತು, ಅಷ್ಟೇ" ಎಂದಿದ್ದ ಲಿಂಗೇಶ್. "ಇನ್ನೊಂದ್ ಸಲ ಒಳಗೆ ಮಾಡಿದ್ರೆ ಎಣ್ಣೂರಿಗೆ ಕಳಿಸಿಬಿಡ್ತೀನಿ. ಅಲ್ಲೊಬ್ರು ಇಂಥ ನಾಯಿಗಳನ್ನ ಇಟ್ಕೋತಾರೆ." ಅದು ಬರಿಯ ಬೆದರಿಕೆಯಲ್ಲ. ನಂಬರನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಮೂರನೆಯ ಬೆಳಿಗ್ಗೆ ಮತ್ತೆ ದಿವಾನ ಒದ್ದೆ. ಲಿಂಗೇಶ್ ಫ್ರಿಜ್ಜಿನ ಮುಂದೆ ನಿಂತು ಫೋನ್ ಒತ್ತತೊಡಗಿದ. ವೀರಪ್ಪನವರು ರೂಮಿನಿಂದ ಹೊರಗೆ ಬಂದರು.

"ಅದು ಬೇಬಿ ಅಲ್ಲಪ್ಪಾ."

"ಮತ್ಯಾರು?"

"ನಾನು." ಲುಂಗಿಯ ಅಂಚನ್ನು ಬೆರಳಿನಲ್ಲಿ ಹೊಸೆಯುತ್ತ ನಿಂತರು. "ಎಚ್ಚರಾಗಿ ಬಂದು ಇಲ್ಲಿ ಕೂತಿದ್ದೆ. ಗೊತ್ತಾಗದಂಗೆ ಆಗಿಬಿಡ್ತು. ಮೊನ್ನೇದೂ ನಂದೇ."

ಲಿಂಗೇಶ್ ಫೋನ್ ಜೇಬಿಗೆ ಹಾಕಿಕೊಂಡ. ನಾಚಿಕೆಗೆ ಯಾರೂ ಅವರ ಮುಖ ನೋಡಲಿಲ್ಲ. ಡಾಕ್ಟರ ಬಳಿ ಹೋಗೋಣವೆಂದರೆ ವೀರಪ್ಪನವರು ಒಪ್ಪಲಿಲ್ಲ, ವಯಸ್ಸಿಗೆ ಯಾವ ಡಾಕ್ಟರ್ ಎಂದರು. ಅಲ್ಲಿಂದಾಚೆಗೆ ಸೌಂದರ್ಯಾ ಕಾರ್ಯಭಾರ ವಹಿಸಿಕೊಂಡಳು. ಡೈಪರ್ ತಂದಳು. "ಚಡ್ಡಿ ಥರದ್ದು ಬ್ಯಾಡಮ್ಮಾ, ಪಟ್ಟಿ ಅಂಟಿಸೋದು, ಪೂರ್ತಿ ಬಿಚ್ಚಿಕೊಳ್ತದಲ್ಲ, ಅದನ್ನ ತಾ" ಎಂದಿದ್ದರು ಮಾವ, ಅದೊಂದೇ ಬೇಡಿಕೆ. ಬಳಸಿದ್ದನ್ನು ಯಾರಿಗೂ ಮುಟ್ಟಗೊಡದೆ ಪೇಪರಿನಲ್ಲಿ ಸುತ್ತಿ ತಾವೇ ಕೆಳಗಿನ ತೊಟ್ಟಿಗೆ ಹಾಕಿ ಬರುತ್ತಿದ್ದರು. ದಿವಾನದ ಮೇಲೆ, ಸೋಫಾದ ಮೇಲೆ ಕೂರಬೇಡಿ ಎಂದು ಸೌಂದರ್ಯಾ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಮೂಲೆಯಲ್ಲಿ ಹಾಕಿದಳು. "ಇದರ ಮೇಲೆ ಕೂತ್ಕೊಳ್ಳಿ ಮಾವ, ಒರೆಸೋಕೆ ಸಲೀಸು" ಎಂದಳು. ಅವರು ಕೂತರು. ಲಿಂಗಪೂಜೆಯನ್ನು ದೇವರ ಮುಂದೆ ಬೇಡ, ರೂಮಿನಲ್ಲೇ ಮಾಡಿಕೊಳ್ಳಿ ಎಂದಳು. "ಲಿಂಗ ಎದೆ ಮೇಲೇ ಐತಲ್ಲಮ್ಮಾ, ಎಲ್ಲಿ ಕೂತರೇನು" ಎಂದು ನಕ್ಕು ವಿಭೂತಿ ಗಟ್ಟಿಯನ್ನು ರೂಮಿಗೆ ಒಯ್ದರು. ಸುಮಿತ್ರಮ್ಮನ ಮೊಮ್ಮಗಳು ಶಾಲಿನಿಯ ಮದುವೆ ಪಲ್ಲಾವರಂನಲ್ಲೇ ನಡೆಯಿತು. ಛತ್ರದಲ್ಲಿ ಏನಾದರೂ ಆದರೆ ಎಂದು ಮಾವನನ್ನು ಮನೆಯಲ್ಲೇ ಬಿಟ್ಟು ಹೋದರು. ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದ ಬಿಳಿ ಅಂಗಿಯನ್ನು ಅವರು ಮತ್ತೆ ಬೀರುವಿಗೆ ತೂಗುಹಾಕಿದರು.

ಇವತ್ತು ಅದೇ ಅಂಗಿ ತೊಡಿಸಿದ್ದರು.

*

"ಇವರ ಸರ್ವಿಸ್ ಪುಸ್ತಕದಲ್ಲಿ ಒಂದೇ ಒಂದು ಮೆಮೊ ಇತ್ತು, ಗೊತ್ತಾ ತಮ್ಮಾ?" ಪಾರ್ಸೆಲ್ ಆಫೀಸಿನ ಹಳೆಯ ಸಹೋದ್ಯೋಗಿ ತಿರುಮಲೇಶ ಲಿಂಗೇಶನಿಗೆ ಹೇಳುತ್ತಿದ್ದರು. "ಅದು ನಂದು. ಕೆಲಸಕ್ಕೆ ಸೇರಿ ಹದಿನೈದು ದಿನ. ವೀಳ್ಯದೆಲೆ ಬುಟ್ಟಿಗಳನ್ನ ಬಿಸಿಲಲ್ಲೇ ಮರೆತುಬಿಟ್ಟೆ. ಅಷ್ಟೂ ಬೆಂದುಹೋಯ್ತು. ಸೂಪರ್ವೈಸರ್ ಬಂದು ಯಾರಯ್ಯಾ ಇದು ಅಂತ ಕೂಗಾಡ್ತಿದ್ರೆ ನಿಮ್ಮಪ್ಪ ಪೆನ್ನು ಕೆಳಗಿಟ್ಟು 'ನಾನು ಸಾರ್' ಅಂದ್ರು. ಆಮೇಲೆ ಕೇಳಿದ್ರೆ, 'ನಿಂದಿನ್ನೂ ಪರ್ಮನೆಂಟ್ ಆಗಿಲ್ಲ, ನನ್ನನ್ನೇನು ತೆಗೀತಾರಾ' ಅಂದ್ರು. ಅಷ್ಟೇ. ಮತ್ತೆ ಆ ಮಾತೇ ಎತ್ತಲಿಲ್ಲ ಮನುಷ್ಯ."

ಕಾಫಿ ಲೋಟ ಹಿಡಿದು ಹಾದುಹೋಗುತ್ತಿದ್ದ ಸೌಂದರ್ಯಾ ಇದನ್ನು ಅರೆಕಿವಿಯಲ್ಲಿ ಕೇಳಿಸಿಕೊಂಡಳು.

ಸುಮಿತ್ರಮ್ಮ ಅಣ್ಣನ ಎದುರಿಗೆ ಕೂತು ಮೂಗೊರೆಸಿಕೊಳ್ಳುತ್ತಿದ್ದರು. "ಶಾಲಿನಿ ಮದುವಿಗೂ ಬರಾಕಾಗ್ಲಿಲ್ಲ ನನ್ನಣ್ಣಂಗೆ. ಹುಲಿಯಂಗಿದ್ದೋನು. ಕೊನೀಗೆ ಕೂಸಿನಂಗೆ ಬಟ್ಟೆ ಒದ್ದೆ ಮಾಡ್ಕೊಳ್ಳಂಗಾದ." ಸುತ್ತ ಕೂತ ಹೆಂಗಸರು ತಲೆಯಾಡಿಸಿದರು. ಎಲ್ಲರಿಗೂ ಗೊತ್ತಿದ್ದ ವಿಷಯವೇ.

ಬಾಲ್ಕನಿಯಲ್ಲಿ ಬೇಬಿ ಬಾಗಿಲು ಕೆರೆಯುತ್ತ ಕುಂಯ್ಗುಡುತ್ತಿತ್ತು. ಹದಿನೇಳರ ಮಗಳು ತೇಜಶ್ರೀ ಅಮ್ಮನ ಸೆರಗೆಳೆದಳು. "ಪಾವಂ ಮಾ, ಅಳುದು ಮಾ," ಪಾಪ, ಅಳುತ್ತಿದೆ ಎಂದು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. ತಾತನೊಬ್ಬರೇ ಅವಳೊಂದಿಗೂ ನಾಯಿಯೊಂದಿಗೂ ಹಟ ಹಿಡಿದು ಕನ್ನಡವಾಡುತ್ತಿದ್ದವರು. ಅಮ್ಮ ಹೂಂ ಎನ್ನುವ ಮೊದಲೇ ಚಿಲಕ ತೆಗೆದಿದ್ದಳು. ಬೇಬಿ ಯಾರನ್ನೂ ನೋಡದೆ ನೇರ ಹೋಗಿ ವೀರಪ್ಪನವರ ಮಂಡಿಗೆ ಬೆನ್ನು ತಾಗಿಸಿ ಮುದುರಿ ಮಲಗಿತು. ನೋಡಿದವರ ಕಣ್ಣು ಒದ್ದೆಯಾಯಿತು. ಯಾರೂ ಎಬ್ಬಿಸಲಿಲ್ಲ. ಸೌಂದರ್ಯಾ ಅದರ ಪಕ್ಕದಲ್ಲೇ ಕೂತು ಮಾವನ ಹಾರ ಸರಿಮಾಡಿ ಎದ್ದಳು.

ಅರ್ಧ ಗಂಟೆಯ ಮೇಲೆ ಶಂಖದ ಸದ್ದು ಕೇಳಿಸಿ, ಅಯ್ಯನವರು ಮೆಟ್ಟಿಲು ಹತ್ತಿ ಬಂದಾಗ ಬೇಬಿ ಬೆಚ್ಚಿ ಎದ್ದು ಅಡುಗೆಮನೆಗೆ ಓಡಿತು. ಅದು ಮಲಗಿದ್ದ ಜಾಗದಿಂದ ನೀರು ಸಣ್ಣಗೆ ಹರಿದು ವೀರಪ್ಪನವರ ಪಂಚೆಯ ಅಂಚನ್ನು ಮುಟ್ಟಿತ್ತು.

"ಶಿವನೇ" ಎಂದರು ಸುಮಿತ್ರಮ್ಮ, ತಮ್ಮ ಮಟ್ಟಿಗೆ ಪಿಸುದನಿಯಲ್ಲಿ. "ಹೋದ ಮ್ಯಾಲೂ ನಿಂತಿಲ್ಲ ನೋಡ್ರವ್ವಾ."

ಹೆಂಗಸರು ತುಸು ಹಿಂದೆ ಸರಿದು ಕೂತರು. ಒಬ್ಬಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಸೌಂದರ್ಯಾ ಬಟ್ಟೆ ತರಲು ಅಡುಗೆಮನೆಗೆ ಹೋದಳು. ಬೇಬಿ ಸಿಂಕಿನ ಕೆಳಗೆ ಅವಿತು ನಡುಗುತ್ತಿತ್ತು. ಅದರ ಹಿಂಗಾಲ ಸಂದಿಯ ಕೂದಲು ತೊಪ್ಪೆಯಾಗಿ ಅಂಟಿಕೊಂಡಿತ್ತು. ಅವಳು ಬಗ್ಗಿ ಮುಟ್ಟಿದಳು. ಬೆಚ್ಚಗಿತ್ತು. ಮುಟ್ಟಿದ ಕೈಯನ್ನು ಹಾಗೇ ಹಿಡಿದುಕೊಂಡು ಮಾವನ ರೂಮಿಗೆ ನಡೆದಳು. ಮಂಚದ ಪಕ್ಕದಲ್ಲಿ ಬೇಬಿಯ ಹಾಸಿಗೆ, ಹಳೆಯ ದಿಂಬಿನ ಚೀಲ. ಒಳಗೆ ಕೈ ಹಾಕಿದಳು. ಪೂರ್ತಿ ಬಿಚ್ಚಿ ಚಪ್ಪಟೆಯಾಗಿ ಹರಡಿದ ಡೈಪರ್, ಸುಕ್ಕಾಗದಂತೆ ನಾಲ್ಕು ಮೂಲೆಗೂ ಪಿನ್ನು. ನಿನ್ನೆಯೇ ಬದಲಾಯಿಸಿದ್ದಿರಬೇಕು, ಒಂದು ಬದಿಯಷ್ಟೇ ನೆನೆದಿತ್ತು.

ಸೌಂದರ್ಯಾ ದಿಂಬಿನ ಚೀಲವನ್ನು ಇದ್ದ ಹಾಗೇ ಮುಚ್ಚಿಟ್ಟಳು. ಬೇಬಿ ನಿದ್ದೆಯಲ್ಲಿ, ತನಗೇ ಗೊತ್ತಾಗದಂತೆ ಸೋರುತ್ತಿತ್ತು. ಮಾವನಿಗೆ ಏನೂ ಆಗಿರಲಿಲ್ಲ. ನಾಲ್ಕು ತಿಂಗಳು ಒಂದು ನಾಯಿಗಾಗಿ ಆ ಮನುಷ್ಯ ನೀಲಿ ಕುರ್ಚಿಯ ಮೇಲೆ ಕೂತಿದ್ದರು. ಕೂರಿಸಿದ್ದು ತಾನು. ಊರಿಗೆಲ್ಲ ಡಂಗುರ ಹೊಡೆದದ್ದು ತಾನು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ.

*

"ರೀ" ಎಂದಳು, ನೆಲ ಒರೆಸಿ ಬಂದವಳು, ನೀರು ಕುಡಿಯಲು ಬಂದ ಗಂಡನನ್ನು ಅಡುಗೆಮನೆಯಲ್ಲೇ ತಡೆದು. "ಒಂದ್ವೇಳೆ ಇದೆಲ್ಲ ಬೇಬಿ ಮಾಡ್ತಿದ್ದದ್ದು ಆಗಿದ್ರೆ?"

"ಈಗ್ಯಾಕೆ ಅದು?"

"ಸುಮ್ನೆ. ಆಗಿದ್ರೆ?"

"ಆಗಿದ್ರೆ ನಾಳೆ ಬೆಳಿಗ್ಗೆನೇ ಎಣ್ಣೂರು. ಅಪ್ಪ ಇದ್ರು ಅಂತ ಇಟ್ಕೊಂಡಿದ್ದು. ಇನ್ನು ನಮ್ಮಿಂದ ಆಗಲ್ಲ ಸೌಂದರ್ಯಾ." ಕಣ್ಣು ಕೆಂಪಗಿತ್ತು ಅವನದು. ಕೆಟ್ಟವನಲ್ಲ, ಸುಸ್ತಾದವನು. ನಂಬರು ಇನ್ನೂ ಫ್ರಿಜ್ಜಿನ ಮೇಲೇ ಇತ್ತು.

ನಾಯಿಯದು ಎಂದು ಹೇಳಿದರೆ ಮಾವ ಮಾನ ಕೊಟ್ಟು ಉಳಿಸಿಕೊಂಡದ್ದು ನಾಳೆಯೇ ಹೋಗುತ್ತದೆ. ಹೇಳದಿದ್ದರೆ ಮಾವ ಆ ಕೊಳೆಯನ್ನು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾರೆ.

ಹಾಲ್‌ನಲ್ಲಿ ಪೂಜೆ ಮುಗಿದಿತ್ತು. ಅಯ್ಯನವರು ವೀರಪ್ಪನವರ ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಬಟ್ಟೆಯಿಂದ ಬಿಗಿದಿದ್ದರು. ಹೊರಲು ನಾಲ್ವರು ಸಿದ್ಧರಾದರು. ಸುಮಿತ್ರಮ್ಮ ಕೈಯೆತ್ತಿ ತಡೆದರು.

"ಸ್ವಲ್ಪ ತಡೀರಪ್ಪಾ. ವ್ಯಾನಿನಾಗೆ ಹೊತ್ತೋರ ಮೈಮ್ಯಾಲೆಲ್ಲ ಆಗಿಬಿಟ್ರೆ? ಸೌಂದರ್ಯಾ, ಆ ಡೈಪರ್ ಒಂದು ಉಳಿದಿದ್ರೆ ತಾರವ್ವಾ. ಕಟ್ಟಿಬಿಡಾನ."

ತಿರುಮಲೇಶ ಕಿಟಕಿಯ ಕಡೆ ತಿರುಗಿ ನಿಂತರು. ಲಿಂಗೇಶ್ ತಲೆತಗ್ಗಿಸಿ ಹೆಂಡತಿಗೆ ಹೂಂ ಎನ್ನುವಂತೆ ಸನ್ನೆ ಮಾಡಿದ.

ಸೌಂದರ್ಯಾ ವಾಷಿಂಗ್ ಮೆಷೀನಿನ ತನಕ ಹೋದಳು. ಬಾಗಿಲು ತೆರೆದಳು. ಪೊಟ್ಟಣದಿಂದ ಒಂದನ್ನು ಎಳೆದು ಕೈಯಲ್ಲಿ ಹಿಡಿದು, ಹಾಲ್‌ನ ನಡುವೆ ಬಂದು ನಿಂತಳು. ಕೊಡಲಿಲ್ಲ.

"ಇದು ಮಾವಂದಲ್ಲ."

"ಏನು?"

"ಇದು ನಂದು." ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಮನೆ ಒದ್ದೆ ಮಾಡ್ತಿದ್ದದ್ದು ನಾನು. ಮಾವ ಅಲ್ಲ. ನಂಗೆ ತಡೆಯೋಕಾಗ್ತಿರಲಿಲ್ಲ. ಯಾರಿಗೂ ಹೇಳೋಕೆ ನಾಚಿಕೆ ಆಯ್ತು. ಮಾವಂಗೆ ಗೊತ್ತಾಗಿ, ಅವರು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಬಾಯಿ ಮುಚ್ಕೊಂಡಿದ್ದೆ. ಅಷ್ಟೇ ಅಲ್ಲ, ನಿಮಗೆಲ್ಲ ಫೋನ್ ಮಾಡಿ ಅವರದ್ದೇ ಅಂತ ಹೇಳಿದೆ." ಒರೆಸುವ ಬಟ್ಟೆ ಇನ್ನೂ ಎಡಗೈಯಲ್ಲಿತ್ತು. "ಈಗ್ಲೂ ಅಲ್ಲಿ ಕೂತಿದ್ದಾಗ ನಂದೇ ಆದದ್ದು. ಅವರಿಗೆ ಏನೂ ಕಟ್ಟಬೇಡಿ."

ಕೆಳಗಿನ ಮನೆಯ ಹೆಂಗಸಿಗೆ ಯಾರೋ ತಮಿಳಿನಲ್ಲಿ ಪಿಸುಗುಟ್ಟಿದರು, ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸೌಂದರ್ಯಾಳ ಕಿವಿ, ಕೊರಳು, ಎದೆ ಉರಿಯತೊಡಗಿದವು. "ಅಮ್ಮಾ, ಬೇಬಿ..." ಎಂದು ಬಾಯಿ ತೆರೆದ ತೇಜಶ್ರೀಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಹುಡುಗಿ ಸುಮ್ಮನಾದಳು.

ಲಿಂಗೇಶ್ ಹೆಂಡತಿಯನ್ನು ನೋಡಿದ. ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದವನಿಗೆ ಇದು ಸುಳ್ಳೆಂದು ತಿಳಿಯದೆ ಇರುತ್ತದೆಯೇ? ಅವನ ಕಣ್ಣು ಅಡುಗೆಮನೆಯ ಬಾಗಿಲಲ್ಲಿ ಬಾಲ ಮುದುರಿ ನಿಂತಿದ್ದ ನಾಯಿಯ ಕಡೆ ಹೋಯಿತು, ಅಲ್ಲಿಂದ ಗೋಡೆಗೊರಗಿ ಕೂತ ಅಪ್ಪನ ಕಡೆ. ಬಗ್ಗಿ ಅಪ್ಪನ ತೊಡೆಗಳ ಕೆಳಗೆ ಎರಡೂ ಬರಿಗೈ ಹಾಕಿ, ಪಂಚೆಯ ಒದ್ದೆ ಅಂಚನ್ನೂ ಸೇರಿಸಿ ತಬ್ಬಿ ಎತ್ತಿದ.

"ಎತ್ರಪ್ಪಾ" ಎಂದರು ಅಯ್ಯನವರು.

*

ಗಂಡಸರು ಮಣ್ಣು ಕೊಟ್ಟು ಇನ್ನೂ ಹಿಂದಿರುಗಿರಲಿಲ್ಲ. ಮನೆ ತೊಳೆದಾಗಿತ್ತು. ಸೌಂದರ್ಯಾ ಸ್ನಾನ ಮಾಡಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದಾಗ ಹೆಂಗಸರ ಮಾತು ಗಕ್ಕನೆ ನಿಂತಿತು. ಸೋಫಾದಲ್ಲಿ ಒಬ್ಬರಿಗೆ ಆಗುವಷ್ಟು ಜಾಗವಿತ್ತು. ಅವಳು ಅತ್ತ ಹೆಜ್ಜೆ ಹಾಕುತ್ತಿದ್ದಂತೆ ಕೂತವರಿಬ್ಬರು ಸೀರೆ ಸರಿಮಾಡಿಕೊಳ್ಳುವ ನೆವದಲ್ಲಿ ಅಗಲವಾದರು. ಜಾಗ ತುಂಬಿಹೋಯಿತು.

ಸುಮಿತ್ರಮ್ಮ ಎದ್ದು ಮೂಲೆಯಲ್ಲಿದ್ದ ನೀಲಿ ಕುರ್ಚಿಯನ್ನು ಎಳೆದು ತಂದರು. ಮಾತಿನಲ್ಲಿ ಕೊಂಕಿರಲಿಲ್ಲ, ಕನಿಕರವೇ ಇತ್ತು.

"ಇದರ ಮ್ಯಾಲೆ ಕೂತ್ಕಳವ್ವಾ. ಒರೆಸಾಕೆ ಸಲೀಸು."

ಸೌಂದರ್ಯಾ ಕೂತಳು. ಕುರ್ಚಿಯ ಕೈ ಒಂದು ಕಡೆ ಸವೆದು ನುಣ್ಣಗಾಗಿತ್ತು, ಮಾವ ಬೆರಳಾಡಿಸುತ್ತಿದ್ದ ಜಾಗ. ಬೇಬಿ ಅಡುಗೆಮನೆಯಿಂದ ಮೆಲ್ಲಗೆ ಬಂದು ಕುರ್ಚಿಯ ನಾಲ್ಕು ಕಾಲನ್ನೂ ಮೂಸಿ ನೋಡಿತು. ಕೆಳಗೆ ನುಸುಳಿ, ಅವಳ ಹಿಮ್ಮಡಿಗೆ ಬೆನ್ನು ತಾಗಿಸಿ ಮಲಗಿತು. ಸ್ವಲ್ಪ ಹೊತ್ತಿಗೆ ಅದರ ಉಸಿರು ನಿಧಾನವಾಯಿತು, ನಿದ್ದೆ ಹತ್ತಿತು.

ಹಿಮ್ಮಡಿಗೆ ಬೆಚ್ಚಗೆ ಏನೋ ತಗುಲಿದಾಗ ಸೌಂದರ್ಯಾ ಅಲುಗಲಿಲ್ಲ. ಸೀರೆಯ ನಿರಿಗೆಗಳನ್ನು ಎರಡೂ ಕೈಯಿಂದ ಅಗಲಕ್ಕೆ ಬಿಡಿಸಿ, ಕುರ್ಚಿಯ ಕೆಳಗಿನ ನೆಲ ಯಾರಿಗೂ ಕಾಣದಂತೆ ಸುತ್ತ ಹರಡಿಕೊಂಡು ಕೂತಳು.